ಪದೇ ಪದೇ ನೆನಪಿಸಿದರೂ

ನನಗೆ ಇಂಗ್ಲಿಷ್ ಬರುತ್ತದೆಯೇ ಎಂದು ಯಾರಾದರೂ ಕೇಳಿದರೆ ಇವತ್ತಿಗೂ ನೇರವಾಗಿ ಉತ್ತರ ಕೊಡಲಾರೆ. ದೆಹಲಿಯ ದ್ವಾರಕಾದಿಂದ ಹೊರಡುವ ಮೆಟ್ರೋದಲ್ಲಿ ಪಕ್ಕದಲ್ಲಿ ಕೂತವಳು ಇಂಗ್ಲಿಷಿನಲ್ಲಿ ಎರಡು ಮಾತಾಡಿಸಿದರೆ ನನ್ನ ನಾಲಗೆ ಏಳುವುದಿಲ್ಲ. ಅದೇ ಹುಡುಗಿ ಎರಡು ದಿನದ ರಜೆ ಬೇಕೆಂದು ಅರ್ಜಿ ಬರೆದುಕೊಟ್ಟರೆ, ಅದರ ಮೇಲೆ ಹಾಕಬೇಕಾದ ಇಂಗ್ಲಿಷ್ ಟಿಪ್ಪಣಿಯನ್ನು ನಿದ್ದೆಗಣ್ಣಿನಲ್ಲೂ ಬರೆಯಬಲ್ಲೆ. ನನ್ನದು ಫೈಲಿನ ಇಂಗ್ಲಿಷ್. ಅದನ್ನು ಹೇಗೆ ಕಲಿತೆ, ಕಲಿತ ಹುರುಪಿನಲ್ಲಿ ಒಬ್ಬ ಹೆಂಗಸಿಗೆ ಏನು ಮಾಡಿಬಿಟ್ಟೆ ಎಂಬುದನ್ನು ಬರೆದಿಡಬೇಕೆಂದು ಬಹಳ ದಿನದಿಂದ ಅಂದುಕೊಳ್ಳುತ್ತಿದ್ದೆ.

ಚಿತ್ರದುರ್ಗದ ಕಡೆಯ ಊರಿನಲ್ಲಿ ಡಿಗ್ರಿಯವರೆಗೂ ಕನ್ನಡದಲ್ಲೇ ಓದಿದವಳು ನಾನು. ಕೇಂದ್ರ ಸರ್ಕಾರದ ಪರೀಕ್ಷೆ ಬರೆಯಲು ದೆಹಲಿಗೆ ಬಂದು ಮುಖರ್ಜಿ ನಗರದ ಒಂದು ಕೋಚಿಂಗಿಗೆ ಸೇರಿದೆ. ಇನ್ನೂರು ಜನರ ತರಗತಿ, ಮೇಷ್ಟರ ಕೈಯಲ್ಲಿ ಮೈಕು. ಪರೀಕ್ಷೆಯಲ್ಲಿ ಬರುವ ಇಂಗ್ಲಿಷ್ ನುಡಿಗಟ್ಟುಗಳನ್ನೆಲ್ಲ ಅವರು ಹಿಂದಿಯಲ್ಲಿ ಬಿಡಿಸಿ ಹೇಳುತ್ತಿದ್ದರು. ಬಿಳಿ ಆನೆ ಅಂದರೆ ಸಾಕಲಾಗದ ದುಬಾರಿ ವಸ್ತು, ಪೊದೆಯ ಸುತ್ತ ಬಡಿಯುವುದು ಅಂದರೆ ಸುತ್ತಿ ಬಳಸಿ ಮಾತಾಡುವುದು. ನನಗೆ ಆಗ ಬರುತ್ತಿದ್ದ ಹಿಂದಿ ತರಕಾರಿ ಕೊಳ್ಳುವಷ್ಟು. ಹಾಗಾಗಿ ಇಂಗ್ಲಿಷ್ ಹಿಡಿದು ಹಿಂದಿ ಕಲಿತೆ, ಹಿಂದಿ ಹಿಡಿದು ಇಂಗ್ಲಿಷ್ ಕಲಿತೆ. ಎರಡೂ ಒಂದರ ಕೈ ಒಂದು ಹಿಡಿದುಕೊಂಡು ಹೇಗೋ ದಾಟಿದವು.

ಹಾಸ್ಟೆಲಿನ ಗೋಡೆಯ ಮೇಲೆ ನಾನು ‘ಪುಟ್’ ಎಂಬ ಪದದ ವಂಶವೃಕ್ಷ ಬರೆದಿದ್ದೆ. ಪುಟ್ ಆಫ್ ಅಂದರೆ ಮುಂದೂಡು, ಪುಟ್ ಔಟ್ ಅಂದರೆ ಆರಿಸು, ಪುಟ್ ಅಪ್ ವಿತ್ ಅಂದರೆ ಸಹಿಸಿಕೊ. ಒಬ್ಬಳೇ ತಾಯಿಯ ಮಕ್ಕಳು, ಆದರೆ ಒಬ್ಬರ ಮುಖ ಇನ್ನೊಬ್ಬರಿಗಿಲ್ಲ. ಗಿಳಿಪಾಠ ಒಪ್ಪಿಸಿ ಪಾಸಾದೆ. ಒಂದು ಸಚಿವಾಲಯದಲ್ಲಿ ಸಹಾಯಕಿಯ ಹುದ್ದೆ ಸಿಕ್ಕಿತು. ಆಫೀಸಿಗೆ ಹೋಗಿ ನೋಡಿದರೆ ಅಲ್ಲಿ ಬಿಳಿ ಆನೆಯೂ ಇಲ್ಲ, ಪೊದೆಯೂ ಇಲ್ಲ. ನಾನು ಉರು ಹೊಡೆದ ಸಾವಿರ ನುಡಿಗಟ್ಟುಗಳಲ್ಲಿ ಒಂದನ್ನೂ ಅಲ್ಲಿ ಯಾರೂ ಬಳಸುತ್ತಿರಲಿಲ್ಲ. ಅಲ್ಲಿಯದೇ ಬೇರೆ ಒಂದು ಸಾವಿರ ಇದ್ದವು.

ಈಗ ಫೈಲುಗಳೆಲ್ಲ ಕಂಪ್ಯೂಟರಿನಲ್ಲಿ. ಒಂದು ಅರ್ಜಿ ಬಂದರೆ ಅದರ ಬಗ್ಗೆ ನಾವು ಒಂದು ಟಿಪ್ಪಣಿ ಬರೆದು ಮೇಲಿನವರಿಗೆ ಕಳಿಸಬೇಕು. ಬರೆಯುವಾಗ ಅದು ಪರದೆಯ ಮೇಲೆ ಹಳದಿ ಬಣ್ಣದಲ್ಲಿರುತ್ತದೆ, ಎಷ್ಟು ಬೇಕಾದರೂ ತಿದ್ದಬಹುದು. ಕೊನೆಗೆ ಒಂದು ಗುಂಡಿ ಒತ್ತಿದರೆ ಹಸಿರಾಗುತ್ತದೆ. ಹಸಿರಾದ ಮೇಲೆ ಬ್ರಹ್ಮ ಬಂದರೂ ಒಂದಕ್ಷರ ಅಳಿಸಲಾರ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎಂದು ನಮ್ಮ ಅಜ್ಜಿ ಹೇಳುತ್ತಿದ್ದದ್ದು ಈ ಗುಂಡಿಗೇ ಇರಬೇಕು.

ನನ್ನ ಮೊದಲ ಟಿಪ್ಪಣಿ ಒಬ್ಬ ಡ್ರೈವರನ ರಜೆಯ ಬಗ್ಗೆ. ನಾನು ಬರೆದದ್ದು ಎರಡೇ ಸಾಲು: ಇವರಿಗೆ ರಜೆ ಬೇಕಾಗಿದೆ, ನಾವು ಕೊಡಬಹುದು. ಗುಂಡಿ ಒತ್ತಿ ಕಳಿಸಿಯೂಬಿಟ್ಟೆ. ನಮ್ಮ ವಿಭಾಗದ ಮುಖ್ಯಸ್ಥೆ, ನಾವೆಲ್ಲ ಬರೀ ಮ್ಯಾಡಂ ಎನ್ನುವ ಪಂಜಾಬಿ ಹೆಂಗಸು, ಓದಿ ಕನ್ನಡಕ ತೆಗೆದು ನನ್ನನ್ನು ನೋಡಿದರು.

“ಬೇಟಾ, ಇದು ನೋಟಾ, ವಾಟ್ಸಾಪ್ ಮೆಸೇಜಾ?”

ಇಡೀ ವಿಭಾಗ ಒಬ್ಬೊಬ್ಬರಾಗಿ ಎದ್ದು ಬಂದು ಅವರ ಪರದೆಯ ಮೇಲೆ ನನ್ನ ಎರಡು ಸಾಲು ಓದಿ ನಕ್ಕಿತು. ನಾನೂ ನಕ್ಕೆ. ಆಮೇಲೆ ಬಾತ್‌ರೂಮಿಗೆ ಹೋಗಿ ಮುಖ ತೊಳೆದುಕೊಂಡೆ. ನನಗೆ ಕೋಪ ಮೂಗಿನ ತುದಿಯಲ್ಲಿ, ಅವಮಾನವಾದರೆ ಅದು ಎರಡರಷ್ಟು. ಇವರೆಲ್ಲರ ಬಾಯಿ ಮುಚ್ಚಿಸುವಂಥ ಇಂಗ್ಲಿಷ್ ಬರೆಯದಿದ್ದರೆ ನಾನು ನಮ್ಮಪ್ಪನ ಮಗಳೇ ಅಲ್ಲ ಎಂದು ಅಲ್ಲೇ ಕನ್ನಡಿಯ ಮುಂದೆ ಪ್ರತಿಜ್ಞೆ ಮಾಡಿದೆ.

ಗುರುಗಳು ಮನೆಯಲ್ಲೇ ಇದ್ದರು. ದ್ವಾರಕಾದಲ್ಲಿ ನಾನು ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದ ಫ್ಲ್ಯಾಟು ಮೈಸೂರು ಕಡೆಯ ವಯಸ್ಸಾದ ದಂಪತಿಯದು. ಅಂಕಲ್ ಮೂವತ್ತು ವರ್ಷಕ್ಕೂ ಮಿಕ್ಕಿ ದೆಹಲಿಯ ಸರ್ಕಾರಿ ಕಚೇರಿಗಳಲ್ಲಿ ಕಡತ ತಿರುವಿ ನಿವೃತ್ತರಾದವರು. ನನ್ನ ಎರಡು ಸಾಲಿನ ಕಥೆ ಕೇಳಿ ಅವರು ನಗಲಿಲ್ಲ. ಒಳಗೆ ಹೋಗಿ ಕಪ್ಪು ರಟ್ಟಿನ ಒಂದು ದಪ್ಪ ನೋಟ್‌ಬುಕ್ ತಂದು ನನ್ನ ಮುಂದಿಟ್ಟರು. ತಮ್ಮ ಸರ್ವಿಸಿನ ಉದ್ದಕ್ಕೂ, ಒಳ್ಳೆಯ ಅಧಿಕಾರಿಗಳು ಬರೆದ ಒಳ್ಳೊಳ್ಳೆಯ ವಾಕ್ಯಗಳನ್ನು ಮುತ್ತಿನಂಥ ಅಕ್ಷರದಲ್ಲಿ ಅದರಲ್ಲಿ ಇಳಿಸಿಕೊಂಡಿದ್ದರು.

“ನೋಡಮ್ಮ, ಫೈಲಿನಲ್ಲಿ ‘ನಾನು’ ಅನ್ನೋ ಪ್ರಾಣಿ ಇರೋದಿಲ್ಲ. ‘ನಾನು ನೋಡಿದೆ’ ಅಂತ ಬರೀಬಾರದು, ‘ನೋಡಲಾಗಿದೆ’ ಅಂತ ಬರೀಬೇಕು. ‘ನನಗನ್ನಿಸುತ್ತೆ’ ಅಲ್ಲ, ‘ಕಂಡುಬರುತ್ತದೆ’.”

“ಯಾರಿಗೆ ಕಂಡುಬರುತ್ತೆ ಅಂಕಲ್?”

“ಅದನ್ನ ಕೇಳಬಾರದು. ಅದೇ ಅದರ ಮಜಾ.”

ದಿನಾ ಸಂಜೆ ಆಂಟಿ ಕಾಫಿ ಕೊಡುತ್ತಿದ್ದರು, ಅಂಕಲ್ ಒಂದು ಪುಟ ಪಾಠ ಮಾಡುತ್ತಿದ್ದರು. ಮುಖರ್ಜಿ ನಗರದ ಗೋಡೆಯ ಮೇಲೆ ಬಿಟ್ಟುಬಂದ ನನ್ನ ‘ಪುಟ್’ ಸಂಸಾರಕ್ಕೆ ಇಲ್ಲಿ ಹೊಸ ಅರ್ಥಗಳು ಬಂದವು. ಪುಟ್ ಅಪ್ ಅಂದರೆ ಮೇಲಿನವರ ಮುಂದಿಡು. ಕಾಲ್ ಫಾರ್ ಅಂದರೆ ತರಿಸಿಕೊ. ಡಿಸ್‌ಪೋಸ್ ಆಫ್ ಅಂದರೆ ಮುಗಿಸಿ ಕೈತೊಳೆದುಕೊ. ಕೆಲವು ಮಾತುಗಳು ಜೋಡಿಯಾಗಿಯೇ ಬರುತ್ತವೆ, ಗಂಡಹೆಂಡಿರನ್ನು ಅಗಲಿಸಬಾರದು ಎಂದು ಅಂಕಲ್ ಹೇಳಿಕೊಟ್ಟರು. “ಬೇಕಾದ ಕಾಗದ ಬಂದಿಲ್ಲ ಅಂತ ಬರೀತೀಯಲ್ಲ, ಅದರ ಹಿಂದೆ ‘ಡಿಸ್‌ಪೈಟ್ ರಿಪೀಟೆಡ್ ರಿಮೈಂಡರ್ಸ್’ ಅಂತ ಹಾಕು. ಪದೇ ಪದೇ ನೆನಪಿಸಿದರೂ. ವಾಕ್ಯಕ್ಕೆ ಒಂದು ತೂಕ ಬರುತ್ತೆ.” ನಾನು ಅದನ್ನು ನನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದೆ.

ಆರು ತಿಂಗಳಲ್ಲಿ ನಾನು ಪಳಗಿಬಿಟ್ಟೆ. ಮ್ಯಾಡಂ ಕಷ್ಟದ ಪತ್ರಗಳನ್ನೆಲ್ಲ ನನ್ನ ಕಡೆ ತಳ್ಳತೊಡಗಿದರು. ನಕ್ಕವರೇ ಬಂದು ‘ಈ ವಾಕ್ಯ ಸ್ವಲ್ಪ ನೋಡು’ ಎನ್ನತೊಡಗಿದರು. ನನಗೆ ಎರಡು ಕೊಂಬು ಮೂಡಿದವು. ಫೈಲಿನ ಭಾಷೆ ಮನೆಗೂ ಬಂತು. ಅಮ್ಮ ಊರಿನಿಂದ ಫೋನು ಮಾಡಿ, “ಆ ಹುಡುಗನ ಫೋಟೋ ಕಳಿಸಿದ್ದೆನಲ್ಲ, ಏನಂತೀಯೇ?” ಎಂದರೆ, “ಪರಿಶೀಲನೆಯಲ್ಲಿದೆ ಅಮ್ಮ” ಎನ್ನುತ್ತಿದ್ದೆ. “ನಿನ್ನ ತಲೆ” ಎಂದು ಅಮ್ಮ ಫೋನಿಡುತ್ತಿದ್ದಳು.

ಮೊದಲೇ ಹೇಳಿದ ಆ ಹೆಂಗಸು ಬರುತ್ತಿದ್ದದ್ದು ಮಂಗಳವಾರ. ನಮ್ಮದೇ ಸಚಿವಾಲಯದ ಹಳೆಯ ಕಡತಗಳ ಕೋಣೆಯಲ್ಲಿ ಅಟೆಂಡರ್ ಆಗಿದ್ದ ಗಂಡ ಕೆಲಸದಲ್ಲಿದ್ದಾಗಲೇ ತೀರಿಕೊಂಡಿದ್ದರು. ಹಾಗೆ ತೀರಿಕೊಂಡವರ ಮನೆಯವರಿಗೆ ಅನುಕಂಪದ ಮೇಲೆ ಒಂದು ಕೆಲಸ ಕೊಡುವ ನಿಯಮವಿದೆ. ಆಕೆ ಅದಕ್ಕೆ ಅರ್ಜಿ ಹಾಕಿದ್ದರು. ಖಾಲಿ ಜಾಗ ಬಹಳ ಕಡಿಮೆ. ಅರ್ಜಿಗಳನ್ನೆಲ್ಲ ನೋಡುವ ಸಮಿತಿ ಸೇರುವುದು ವರ್ಷಕ್ಕೊಮ್ಮೆ, ಸೇರಿದರೆ. ಆಕೆಯ ಫೈಲು ನನ್ನ ಮೇಜಿನದು. ಆಕೆಯ ವರಮಾನದ ಬಗ್ಗೆ ತಹಸೀಲಿನಿಂದ ಒಂದು ಪ್ರಮಾಣಪತ್ರ ತರಿಸಿಕೊಳ್ಳಬೇಕೆಂದು ಮೇಲಿನವರು ಹೇಳಿದ್ದರು. ಅದನ್ನು ಅಂಚೆಯಲ್ಲಿ ಕಳಿಸಿ ಎಂದು ನಾನು ಆಕೆಗೆ ಒಂದು ಪತ್ರ ಕಳಿಸಿದ್ದೆ.

ನಲವತ್ತರ ಹೆಂಗಸು, ನೀಟಾಗಿ ಬಾಚಿದ ತಲೆ, ಕೈಯಲ್ಲಿ ಗುಂಡಿ ಹಾಕುವ ಪಾರದರ್ಶಕ ಪ್ಲಾಸ್ಟಿಕ್ ಚೀಲ. ಮೂರು ಬಸ್ಸು ಬದಲಿಸಿ ಬರುತ್ತಿದ್ದರು. ಗೇಟಿನಲ್ಲಿ ಪಾಸು ಮಾಡಿಸಿಕೊಂಡು ಬಂದು, ನೀರಿನ ಕೂಲರಿನ ಪಕ್ಕದ ಕುರ್ಚಿಯಲ್ಲಿ ಕೂತು, ನಾನು ತಲೆಯೆತ್ತುವವರೆಗೆ ಕಾಯುತ್ತಿದ್ದರು. ಕೇಳುತ್ತಿದ್ದದ್ದು ಒಂದೇ ಮಾತು: “ಮ್ಯಾಡಂ, ನನ್ನ ಫೈಲು?” ನಾನು ಹೇಳುತ್ತಿದ್ದದ್ದೂ ಒಂದೇ ಮಾತು: “ಪ್ರೋಸೆಸ್‌ನಲ್ಲಿದೆ.” ಆಕೆ ತಲೆಯಾಡಿಸಿ ಎದ್ದು ಹೋಗುತ್ತಿದ್ದರು. ವಯಸ್ಸಿನಲ್ಲಿ ನನಗಿಂತ ದೊಡ್ಡವರು ನನಗೆ ಕೈ ಮುಗಿಯುವುದು ಮೊದಮೊದಲು ಮುಜುಗರವಾಗುತ್ತಿತ್ತು. ಆಮೇಲೆ ಅಭ್ಯಾಸವಾಯಿತು.

ಆ ವರ್ಷ ಚಳಿ ಶುರುವಾಗುವ ಹೊತ್ತಿಗೆ, ಬಾಕಿ ಇರುವ ಫೈಲುಗಳನ್ನೆಲ್ಲ ಎರಡು ವಾರದಲ್ಲಿ ಮುಗಿಸಬೇಕೆಂದು ಮೇಲಿನಿಂದ ಆದೇಶ ಬಂತು. ಯಾವ ವಿಭಾಗದಲ್ಲಿ ಎಷ್ಟು ಬಾಕಿ ಎಂದು ದಿನಾ ಸಂಜೆ ಪಟ್ಟಿ ಹೋಗಬೇಕು. ಮ್ಯಾಡಂ ನನ್ನ ಹೆಸರಿನ ಮುಂದಿನ ಸಂಖ್ಯೆ ತೋರಿಸಿ, “ಬೇಟಾ, ಏನಾದರೂ ಮಾಡು” ಎಂದರು. ಮಾಡಿದೆ. ಹಳೆಯ ಒಂದು ತಿರಸ್ಕಾರದ ಪತ್ರ ತೆಗೆದು, ಹೆಸರು ವಿಳಾಸ ಬದಲಿಸಿ, ಒಂದರ ಹಿಂದೊಂದು ಫೈಲಿಗೆ ಹಾಕುತ್ತ ಹೋದೆ. ಎಷ್ಟು ಚಂದದ ವಾಕ್ಯ ಅದು! ಪದೇ ಪದೇ ನೆನಪಿಸಿದರೂ ಅಗತ್ಯ ದಾಖಲೆಗಳು ಬಾರದ ಕಾರಣ, ಕೋರಿಕೆಯನ್ನು ಮನ್ನಿಸಲು ಸಾಧ್ಯವಾಗದೆ ವಿಷಾದಿಸುತ್ತ, ಪ್ರಕರಣವನ್ನು ಮುಕ್ತಾಯಗೊಳಿಸಲಾಗಿದೆ. ಇಂಗ್ಲಿಷಿನಲ್ಲಿ ಇದು ನದಿ ಹರಿದ ಹಾಗೆ ಹರಿಯುತ್ತದೆ. ಒಂದು ಮಧ್ಯಾಹ್ನದಲ್ಲಿ ಹನ್ನೆರಡು ಫೈಲು ಮುಗಿದವು. ಮ್ಯಾಡಂ ಓದಿ ಮೇಲೆ ಕಳಿಸಿದರು, ಮೇಲಿನ ಸಾಹೇಬರು ಓದಿ ಒಪ್ಪಿಗೆ ಹಾಕಿದರು. ಓದಿದರು ಎನ್ನುವುದೂ ತಪ್ಪು. ಅಷ್ಟು ಪರಿಚಯದ ವಾಕ್ಯವನ್ನು ಯಾರೂ ಓದುವುದಿಲ್ಲ, ಕಣ್ಣು ಅದರ ಮೇಲೆ ಜಾರಿಹೋಗುತ್ತದೆ. ಬರೆದ ನಾನೇ ಓದಿರಲಿಲ್ಲ.

ಮುಂದಿನ ಮಂಗಳವಾರ ಆಕೆ ಬಂದು ಕೂಲರಿನ ಪಕ್ಕ ಕೂರಲಿಲ್ಲ. ನೇರ ನನ್ನ ಮೇಜಿನ ಹತ್ತಿರ ಬಂದು, ಪ್ಲಾಸ್ಟಿಕ್ ಚೀಲದಿಂದ ಒಂದು ಪತ್ರ ತೆಗೆದು ಕೊಟ್ಟರು. ಮುಖದಲ್ಲಿ ಸಂತೋಷ ತುಂಬಿತ್ತು.

“ಆಫೀಸಿನಿಂದ ಬಂದಿದೆ ಮ್ಯಾಡಂ. ಇಂಗ್ಲಿಷಿನಲ್ಲಿದೆ, ಓದಲು ಬರಲಿಲ್ಲ. ಅಕ್ಕಪಕ್ಕದವರ ಹತ್ತಿರ ಓದಿಸಲು ಮನಸ್ಸಾಗಲಿಲ್ಲ. ನೀವೇ ಬರೆದಿರಬೇಕು, ನಿಮ್ಮ ಬಾಯಿಂದಲೇ ಕೇಳೋಣ ಅಂತ ಬಂದೆ.”

ನನ್ನದೇ ಪತ್ರ. ನನ್ನದೇ ವಾಕ್ಯ. ನಾನು ಅದನ್ನು ಹಿಂದಿಯಲ್ಲಿ ಹೇಳಬೇಕಾಗಿತ್ತು. ಹಿಂದಿಗೆ ತಂದ ಕೂಡಲೇ ಅದರ ನದಿ ನಿಂತಿತು. ‘ಬಾರ್ ಬಾರ್ ಯಾದ್ ದಿಲಾನೇ ಪರ್ ಭೀ’ ಎಂದು ಶುರು ಮಾಡಿ, ಕಾಗದ ಬರದ ಕಾರಣ ಫೈಲು ಮುಚ್ಚಲಾಗಿದೆ ಎಂದು ಹೇಗೋ ಮುಗಿಸಿದೆ. ಆಕೆಯ ಮುಖದ ಸಂತೋಷ ಅಲ್ಲೇ ಇಂಗಿತು.

“ಕಾಗದ ಕಳಿಸಿದ್ದೆನಲ್ಲ ಮ್ಯಾಡಂ. ಸ್ಪೀಡ್ ಪೋಸ್ಟಿನಲ್ಲಿ. ಚೀಟಿ ಇದೆ.” ಚೀಲದಿಂದ ಚೀಟಿ ಬಂತು. ಆಮೇಲೆ, ಜಗಳದ ದನಿಯೇ ಇಲ್ಲದೆ, ನಿಜವಾಗಿಯೂ ಅರ್ಥವಾಗದೆ ಆಕೆ ಕೇಳಿದರು: “ಪದೇ ಪದೇ ಯಾರು ನೆನಪಿಸಿದರು ಮ್ಯಾಡಂ? ನನಗೆ ಯಾರೂ ನೆನಪಿಸಲಿಲ್ಲ. ವಾರ ವಾರ ಬಂದು ನಿಮಗೆ ನೆನಪಿಸುತ್ತಿದ್ದದ್ದು ನಾನು.”

ಕೂರಿಸಿ, ನೀರು ಕೊಟ್ಟು, ಕಂಪ್ಯೂಟರಿನಲ್ಲಿ ಹುಡುಕಿದೆ. ಪ್ರಮಾಣಪತ್ರ ಬಂದಿತ್ತು. ಬಂದ ಅಂಚೆಯನ್ನು ಸ್ಕ್ಯಾನ್ ಮಾಡುವ ಕೋಣೆಯವರು ಅದಕ್ಕೆ ಬರೀ ‘ಪತ್ರ’ ಎಂದು ಹೆಸರಿಟ್ಟು ನನಗೆ ಕಳಿಸಿದ್ದರು. ಹದಿನೇಳು ದಿನದಿಂದ ಅದು ನನ್ನ ಪರದೆಯಲ್ಲೇ ಇತ್ತು, ನಾನು ತೆರೆದಿರಲಿಲ್ಲ. ರಿಮೈಂಡರುಗಳ ಕಡತ ನೋಡಿದೆ. ಒಂದೂ ಇಲ್ಲ. ಒಂದನ್ನೂ ನಾನು ಕಳಿಸಿರಲಿಲ್ಲ. ಜೋಡಿ ಮಾತೆಂದು ಸೇರಿಸಿದ್ದೆ, ವಾಕ್ಯಕ್ಕೆ ತೂಕ ಬರಲೆಂದು.

ಸಮಿತಿ ಸೇರುವುದು ಅದೇ ಶುಕ್ರವಾರ ಎಂದು ನನಗೆ ಗೊತ್ತಿತ್ತು, ಆಕೆಗೆ ಗೊತ್ತಿರಲಿಲ್ಲ. ಮುಚ್ಚಿದ ಫೈಲು ಅದರ ಮುಂದೆ ಹೋಗುವುದಿಲ್ಲ. ಈ ಸಲ ತಪ್ಪಿದರೆ ಇನ್ನೊಂದು ವರ್ಷ, ಅಷ್ಟರಲ್ಲಿ ಇರುವ ಎರಡು ಮೂರು ಜಾಗವೂ ಬೇರೆಯವರಿಗೆ. “ನಾಡಿದ್ದು ಫೋನು ಮಾಡುತ್ತೇನೆ ದೀದಿ” ಎಂದೆ. ಆಕೆಯನ್ನು ದೀದಿ ಎಂದು ಕರೆದದ್ದು ಅದೇ ಮೊದಲು. ಆಕೆ ಪತ್ರವನ್ನು ಮಡಿಸಿ, ಚೀಲದ ಗುಂಡಿ ಹಾಕಿ, ಎಂದಿನಂತೆ ಕೈ ಮುಗಿದು ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಸಂಜೆ ಮನೆಗೆ ಬಂದು ಅಂಕಲ್‌ಗೆ ಎಲ್ಲ ಹೇಳಿದೆ. ಅವರು ಸ್ವಲ್ಪವೂ ಗಾಬರಿಯಾಗಲಿಲ್ಲ. “ಅಚ್ಛಾ, ಇಷ್ಟೇ ತಾನೆ. ಇದಕ್ಕೂ ಮಾತಿದೆ” ಎಂದು ಕಪ್ಪು ನೋಟ್‌ಬುಕ್ಕಿನ ಕೊನೆಯ ಪುಟಗಳನ್ನು ತಿರುವಿದರು. ತಪ್ಪುಗಳಿಗಾಗಿಯೇ ಅಲ್ಲಿ ಒಂದು ಪುಟವಿತ್ತು. ಕಣ್ತಪ್ಪಿನಿಂದ ಆಗಿರುವುದು ಈಗ ಗಮನಕ್ಕೆ ಬಂದಿರುತ್ತದೆ. ಆಡಳಿತಾತ್ಮಕ ಕಾರಣಗಳಿಂದ ಹೀಗಾಗಿರುತ್ತದೆ. ಎಲ್ಲ ಅದೇ ಮುತ್ತಿನಂಥ ಅಕ್ಷರ.

ನನಗೆ ಎಲ್ಲಿತ್ತೋ ಸಿಟ್ಟು ಬಂತು. “ಯಾರ ಕಣ್ತಪ್ಪು ಅಂಕಲ್? ಯಾರ ಗಮನಕ್ಕೆ? ಆ ಹೆಂಗಸು ಮೂರು ಬಸ್ಸು ಹತ್ತಿ ಬಂದು ನನ್ನ ಗಮನಕ್ಕೆ ತಂದಳು. ಅದನ್ನೂ ನಿಮ್ಮ ನೋಟ್‌ಬುಕ್ಕು ನುಂಗಿಬಿಡುತ್ತೆ. ನೀವು ಹೇಳಿಕೊಟ್ಟ ಜೋಡಿ ಮಾತಿನಿಂದಲೇ ಇಷ್ಟೂ ಆಗಿದ್ದು!”

ಆಡಿದ ಮೇಲೆ ನಾಲಗೆ ಕಚ್ಚಿಕೊಂಡೆ. ಅಂಕಲ್ ನೋಟ್‌ಬುಕ್ಕು ಮುಚ್ಚಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಆಂಟಿ, “ಅವಳು ಹೇಳೋದರಲ್ಲಿ ತಪ್ಪೇನಿದೆ?” ಎಂದು ಒಳಗೆ ಹೋದರು. ಅಂಕಲ್ ನೋಟ್‌ಬುಕ್ಕನ್ನು ಪಕ್ಕಕ್ಕೆ ಸರಿಸಿ ಮಾತಾಡಿದರು.

“ಕಣ್ತಪ್ಪಿನಿಂದ ಅಂತ ಬರೆದರೆ ಏನಾಗುತ್ತೆ ಹೇಳಲಾ? ಯಾರ ಕಣ್ತಪ್ಪು ಅಂತ ಮೇಲಿನವರು ಕೇಳ್ತಾರೆ. ಫೈಲು ಕೆಳಗೆ ಬರುತ್ತೆ. ವರದಿ, ವಿವರಣೆ, ಮತ್ತೆ ಮೇಲೆ. ಎರಡು ತಿಂಗಳು ಹೋಗುತ್ತೆ. ನಿನ್ನ ಮೈಗೆ ಏನೂ ತಾಗೋದಿಲ್ಲ, ಆ ಹೆಂಗಸಿನ ಶುಕ್ರವಾರ ಮಾತ್ರ ಹೋಗಿಬಿಡುತ್ತೆ. ‘ನಾನು’ ಅಂತ ಬರೆದರೆ ಕೇಳೋಕೆ ಏನೂ ಉಳಿಯೋದಿಲ್ಲ, ಫೈಲು ಮುಂದೆ ಹೋಗಲೇಬೇಕು.” ಆಮೇಲೆ, “ಆದರೆ ನೀನಿನ್ನೂ ಪ್ರೊಬೇಷನ್‌ನಲ್ಲಿದ್ದೀಯ. ಕೆಲಸ ಖಾಯಂ ಆಗಿಲ್ಲ. ಯೋಚನೆ ಮಾಡಮ್ಮ” ಎಂದರು.

ಯೋಚನೆ ಮಾಡಿದೆ. ನಾನು ಧೈರ್ಯವಂತಳೇನಲ್ಲ. ನನ್ನ ಈ ಕೆಲಸಕ್ಕಾಗಿ ನಮ್ಮ ಮನೆಯಲ್ಲಿ ಎಲ್ಲರೂ ಎಷ್ಟು ಕೈ ಬಿಗಿಹಿಡಿದು ಬದುಕಿದ್ದರು ಎಂದು ನನಗೆ ಗೊತ್ತು. ಹಸಿರಾದ ‘ನಾನು’ ಮುಂದೆ ನನ್ನ ಹಿಂದೆಯೇ ಬರುತ್ತದೆ ಎಂದೂ ಗೊತ್ತು. ಬುಧವಾರ ಬೆಳಿಗ್ಗೆ ಆಫೀಸಿಗೆ ಹೋಗಿ ಹಳದಿ ಪರದೆ ತೆರೆದು ಮುಕ್ಕಾಲು ಗಂಟೆ ಕೂತಿದ್ದೆ. ಬೆರಳು ತಾವಾಗಿಯೇ ‘ಗಮನಕ್ಕೆ ಬಂದಿರುತ್ತದೆ’ ಎಂದು ಹೊಡೆದವು. ಅಳಿಸಿದೆ. ಮತ್ತೆ ಹೊಡೆದವು, ಮತ್ತೆ ಅಳಿಸಿದೆ. ಕೊನೆಗೆ ಆ ಡ್ರೈವರನ ರಜೆಗೆ ಬರೆದ ಇಂಗ್ಲಿಷಿನಲ್ಲೇ ಬರೆದೆ. ಕನ್ನಡದಲ್ಲಿ ಹೇಳುವುದಾದರೆ ಇಷ್ಟು:

ಈಕೆ ಪ್ರಮಾಣಪತ್ರ ಕಳಿಸಿದ್ದಾರೆ. ಅದು ಹದಿನೇಳು ದಿನ ನನ್ನ ಬಳಿ ಇತ್ತು. ನಾನು ತೆರೆದು ನೋಡಲಿಲ್ಲ. ನಾವು ಒಂದು ರಿಮೈಂಡರನ್ನೂ ಕಳಿಸಿರಲಿಲ್ಲ. ಕಳಿಸಿದ್ದೇವೆಂದು ನಾನು ಬರೆದದ್ದು ಸುಳ್ಳು. ತಪ್ಪು ನನ್ನದು, ಈಕೆಯದಲ್ಲ. ದಯವಿಟ್ಟು ಶುಕ್ರವಾರದ ಸಮಿತಿಯ ಮುಂದೆ ಈ ಅರ್ಜಿಯನ್ನು ಇಡಿ.

ಗುಂಡಿ ಒತ್ತಿದೆ. ಹಸಿರಾಯಿತು.

ಮ್ಯಾಡಂ ಕರೆದರು. ಈ ಸಲ ಕನ್ನಡಕ ತೆಗೆಯಲಿಲ್ಲ. “ಹುಚ್ಚು ಹಿಡಿದಿದೆಯಾ ನಿನಗೆ? ಇದು ನನ್ನ ಕೈಯಿಂದ ಹೋದ ಫೈಲು. ನಿನ್ನ ಜೊತೆ ನನ್ನನ್ನೂ ಎಳೆದೆಯಲ್ಲ!” ಅವರ ದನಿ ಇಡೀ ವಿಭಾಗಕ್ಕೆ ಕೇಳಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎನ್ನುವ ಹಾಗೆ ಸುತ್ತಲಿನವರೆಲ್ಲ ತಮ್ಮ ತಮ್ಮ ಪರದೆ ನೋಡತೊಡಗಿದರು. ಮ್ಯಾಡಂ ಫೈಲನ್ನು ಮುಂದೆ ಕಳಿಸಲಿಲ್ಲ. ಊಟದ ಹೊತ್ತು ಕಳೆಯಿತು, ನಾಲ್ಕು ಗಂಟೆಯಾಯಿತು. ನಾನು ಚಹಾ ಕುಡಿಯಲೂ ಏಳಲಿಲ್ಲ.

ಐದಕ್ಕೆ ಫೈಲು ಹೋಯಿತು. ನನ್ನ ಸಾಲುಗಳ ಕೆಳಗೆ ಅವರದು ಒಂದೇ ಸಾಲು: ಕೆಳಗೆ ಸಹಿ ಮಾಡಿದವರೂ ಪರಿಶೀಲಿಸದೆ ಕಳಿಸಿರುತ್ತಾರೆ. ಕೆಳಗೆ ಸಹಿ ಮಾಡಿದವರು ಅಂದರೆ ಅವರೇ. ಇಪ್ಪತ್ತೈದು ವರ್ಷದ ಸರ್ವಿಸು, ‘ನಾನು’ ಎನ್ನುವವರೆಗೆ ಬರಲು ಅವರಿಂದ ಆಗಲಿಲ್ಲ. ‘ಕೆಳಗೆ ಸಹಿ ಮಾಡಿದವರು’ ಎನ್ನುವವರೆಗೆ ಬಂದಿದ್ದರು. ಅಷ್ಟು ಬಂದದ್ದಕ್ಕೇ ನನಗೆ ಅವರ ಕಾಲಿಗೆ ಬೀಳಬೇಕೆನಿಸಿತು. ಬ್ಯಾಗು ಹೆಗಲಿಗೇರಿಸಿಕೊಂಡು ಹೊರಟವರು ನನ್ನ ಮೇಜಿನ ಹತ್ತಿರ ನಿಂತು, “ಚಲೋ, ಮನೆಗೆ ಹೋಗು. ಏನಾದರೂ ತಿನ್ನು” ಎಂದರು.

ಗುರುವಾರ ಬೆಳಿಗ್ಗೆ ಫೈಲು ಮೇಲಿನಿಂದ ಇಳಿಯಿತು. ಸಾಹೇಬರು ಎರಡು ಸಾಲು ಬರೆದಿದ್ದರು. ಮೊದಲನೆಯದು: ಹಿಂದಿನ ಪತ್ರ ರದ್ದು, ಅರ್ಜಿಯನ್ನು ನಾಳೆಯ ಪಟ್ಟಿಗೆ ಸೇರಿಸಿ. ಎರಡನೆಯದು: ಪ್ಲೀಸ್ ಸ್ಪೀಕ್. ನಮ್ಮಲ್ಲಿ ಇದರ ಅರ್ಥ, ಬರೆದವಳು ಖುದ್ದಾಗಿ ಬಂದು ಎದುರು ನಿಲ್ಲಬೇಕು ಎಂದು. ಲಿಫ್ಟು ಹತ್ತಿ ಮೇಲೆ ಹೋದೆ. ಸಾಹೇಬರು ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದರು.

“ಆ ದಿನ ಇದೇ ವಾಕ್ಯ ಹಾಕಿ ಇನ್ನೆಷ್ಟು ಫೈಲು ಮುಚ್ಚಿದ್ದೀರಿ?”

“ಹನ್ನೊಂದು, ಸರ್.”

“ತೆಗೆದು ನೋಡಿ.”

ನೋಡಿದೆ. ಒಂದು ವಾರ ಬೇರೆ ಕೆಲಸವೇ ಮಾಡದೆ, ಹನ್ನೊಂದು ಫೈಲುಗಳನ್ನು ಮೊದಲ ಪುಟದಿಂದ ಓದಿದೆ. ಇನ್ನೂ ಎರಡರಲ್ಲಿ ಕಾಗದ ಬಂದು ಕೂತಿತ್ತು. ಅವನ್ನೂ ತೆರೆದೆವು. ಮುಂದೆ ಹೆಚ್ಚು ಎಚ್ಚರದಿಂದಿರಬೇಕೆಂದು ನನಗೆ ಬರವಣಿಗೆಯಲ್ಲಿ ಒಂದು ಸೂಚನೆ ಬಂತು, ಅದೂ ಹಸಿರು ಬಣ್ಣದಲ್ಲೇ ಇದೆ. ಪ್ರೊಬೇಷನ್ನಿಗೆ ಮಾತ್ರ ತಡೆಯಾಗಲಿಲ್ಲ, ಅದು ಮುಗಿದು ಕೆಲಸ ಖಾಯಂ ಆಯಿತು. ಅಂಕಲ್‌ಗೆ ನನ್ನ ಟಿಪ್ಪಣಿಯನ್ನು ನೆನಪಿನಿಂದ ಹೇಳಿದಾಗ ಅವರು, “ಇಷ್ಟೇನಾ?” ಎಂದರು. ಇಷ್ಟೇ ಎಂದೆ. “ನಾನೂ ಇದನ್ನ ಬರೀಬೇಕಾಗಿದ್ದ ಫೈಲುಗಳು ಮೂರ್ನಾಲ್ಕಿದ್ದುವಮ್ಮ” ಎಂದು ಅವರು ಕಾಫಿ ಲೋಟ ಹಿಡಿದು ಬಾಲ್ಕನಿಗೆ ಹೋದರು. ನಾನು ಅವತ್ತು ಕೂಗಾಡಿದ್ದಕ್ಕೆ ಕ್ಷಮೆ ಕೇಳಿದೆ. ನೋಟ್‌ಬುಕ್ಕಿನ ಪಾಠ ಈಗಲೂ ನಡೆಯುತ್ತದೆ. ಆ ವಾಕ್ಯಗಳಿಲ್ಲದೆ ಫೈಲು ನಡೆಯುವುದಿಲ್ಲ, ಅದು ನಿಜವೇ. ಆದರೆ ಪ್ರತಿ ಮಾತಿಗೂ ‘ಯಾರು?’ ಎಂದು ನಾನು ಕೇಳುತ್ತೇನೆ, ಅಂಕಲ್ ಉತ್ತರ ಕೊಡುತ್ತಾರೆ.

ಸಮಿತಿ ಮೂರು ಜನರನ್ನು ಆರಿಸಿತು. ಪಟ್ಟಿಯಲ್ಲಿ ಎರಡನೆಯ ಹೆಸರು ಆಕೆಯದು. ಫೋನು ಮಾಡಿ ಹೇಳಿದೆ. “ದೀದಿ, ಕೇಳಿಸಿತೇ?” ಎಂದೆ. “ಇನ್ನೊಂದು ಸಲ ಹೇಳಿ” ಎಂದರು. ಹೇಳಿದೆ. ಮತ್ತೊಂದು ಸಲವೂ ಹೇಳಿಸಿದರು. ನನಗೂ ಅಳು ಬಂದಿತ್ತು, ಮೂರು ಸಲ ಹೇಳುವಷ್ಟರಲ್ಲಿ ಸರಿಹೋಯಿತು.

ಉಳಿದ ಕಾಗದಪತ್ರಗಳೆಲ್ಲ ಮುಗಿದು ಆಕೆ ಕೆಲಸಕ್ಕೆ ಸೇರಿದ್ದು ಬೇಸಿಗೆಯಲ್ಲಿ. ಸೇರಿದ ದಿನ ಬರೆದುಕೊಡಬೇಕಾದ ಪತ್ರವನ್ನು ಇಂಗ್ಲಿಷಿನಲ್ಲಿ ತಾವೇ ಕೈಯಿಂದ ಬರೆಯುತ್ತೇನೆಂದು ಹಟ ಹಿಡಿದರು. ನಾನು ಒಂದೊಂದೇ ಪದ ಹೇಳಿ, ಒಂದೊಂದರ ಅರ್ಥವನ್ನೂ ಹಿಂದಿಯಲ್ಲಿ ಹೇಳಿದ ಮೇಲೆಯೇ ಆಕೆ ಬರೆದರು. ಇವತ್ತಿನ ಪೂರ್ವಾಹ್ನ ಎಂಬಲ್ಲಿ ಪೆನ್ನು ನಿಲ್ಲಿಸಿ, “ನಾನು ಬಂದದ್ದು ಎಂಟೂವರೆಗೆ, ಅದನ್ನು ಬರೆಯಬಹುದಲ್ಲ?” ಎಂದರು. ಬರೆಯಿರಿ ಎಂದೆ.

ಆಕೆಯನ್ನು ಹಾಕಿದ್ದು ಬಂದ ಅಂಚೆಯನ್ನು ಸ್ಕ್ಯಾನ್ ಮಾಡುವ ಕೋಣೆಗೆ. ಈಗ ಅಲ್ಲಿಂದ ಬರೀ ‘ಪತ್ರ’ ಎಂಬ ಹೆಸರಿನಲ್ಲಿ ಏನೂ ಬರುವುದಿಲ್ಲ. ಇಂಥವರಿಂದ, ಇಂಥ ಪ್ರಮಾಣಪತ್ರ ಎಂದೇ ಬರುತ್ತದೆ. ಕಾಗುಣಿತ ಅಲ್ಲಲ್ಲಿ ತಪ್ಪಿರುತ್ತದೆ, ನಾನು ತಿದ್ದುವುದಿಲ್ಲ. ಊಟದ ಹೊತ್ತಿನಲ್ಲಿ ದಿನಕ್ಕೊಂದು ಇಂಗ್ಲಿಷ್ ಮಾತು ನನ್ನಿಂದ ಕಲಿಯುತ್ತಾರೆ. ಮೊದಲನೆಯದು ಮಾತ್ರ ನಾನು ಕಲಿಸಿದ್ದಲ್ಲ, ಅದು ಆಕೆಗೆ ಆಗಲೇ ಬರುತ್ತಿತ್ತು.

ಮಂಗಳವಾರ ಆಕೆ ತಪ್ಪದೆ ನಮ್ಮ ವಿಭಾಗಕ್ಕೆ ಬರುತ್ತಾರೆ. ಕೈಯಲ್ಲಿ ಪ್ಲಾಸ್ಟಿಕ್ ಚೀಲವಿಲ್ಲ, ಕೊರಳಲ್ಲಿ ಗುರುತಿನ ಚೀಟಿ ಇದೆ. ನಾನು ಇನ್ನೂ ತೆರೆಯದ ಅಂಚೆಯ ಪಟ್ಟಿಯನ್ನು ಪ್ರಿಂಟ್ ತೆಗೆದು ತಂದು, ನನ್ನ ಮೇಜಿನ ಮೇಲೆ ಇಟ್ಟು, ಗಂಭೀರವಾಗಿ ಹೇಳುತ್ತಾರೆ: “ರಿಮೈಂಡರ್, ಮ್ಯಾಡಂ.”

ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಪಟ್ಟಿಯ ಮೊದಲ ಪತ್ರ ತೆರೆಯುತ್ತೇನೆ. ನಾನು ಅದನ್ನು ಪೂರ್ತಿ ಓದುವವರೆಗೆ ಆಕೆ ಅಲ್ಲೇ, ಕೂಲರಿನ ಪಕ್ಕದ ಕುರ್ಚಿಯಲ್ಲಿ ಕೂತಿರುತ್ತಾರೆ.